ಮಿಸುಗಿನ ನಮೂನಿ

ಅಮರಗೋಳದ ಮಾರುಕಟ್ಟೆ ಯಾರ್ಡಿನಲ್ಲಿ ಯಾರೂ ಯಾರ ಮಾತನ್ನೂ ಬರಿದೆ ನಂಬುವುದಿಲ್ಲ. ಹಾಗೆಂದು ನಾವು ಕೆಟ್ಟವರಲ್ಲ, ನಮ್ಮ ಕಸುಬೇ ಹಾಗೆ. ಕಡಲೆ ಛಲೋ ಇದೆ ಎಂದು ಸಾಕ್ಷಾತ್ ಶಿವನೇ ಬಂದು ಹೇಳಿದರೂ ನಾವು ಕೈ ಮುಗಿದು, "ಖರೇರಿ ಯಪ್ಪಾ, ನಮೂನಿ ತೋರಸ್ರಿ" ಎನ್ನುತ್ತೇವೆ. ಚೀಲಕ್ಕೆ ಕೈ ಹಾಕಿ, ಒಂದು ಮುಷ್ಟಿ ತೆಗೆದು, ಅಂಗೈ ಮೇಲೆ ಹರಡಿ, ಒಂದು ಕಾಳನ್ನು ಕಡಿದು ನೋಡಿದ ಮೇಲೆಯೇ ಮುಂದಿನ ಮಾತು. ಇಂಥ ಜಾಗದಲ್ಲಿ ಒಬ್ಬ ದಲಾಲ ನಮೂನಿ ಇಲ್ಲದೆ ಒಂದು ಪದವನ್ನು ಬಜಾರಕ್ಕೆ ಬಿಟ್ಟ. ಆಮೇಲೆ ಆದದ್ದನ್ನು ಪಕ್ಕದ ಅಂಗಡಿಯವನಾದ ನಾನು ಬಹುಪಾಲು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಆದ್ದರಿಂದ ನನ್ನ ಮಾತನ್ನು ಮಾತ್ರ ನೀವು ನಮೂನಿ ಕೇಳದೆ ನಂಬಬೇಕು.

ಆ ದಲಾಲನ ಹೆಸರು ಮಡಿವಾಳಪ್ಪ. ಅಗಸಿ, ಕುಸುಬಿಯಂಥ ಎಣ್ಣೆಕಾಳು, ಕಡಲೆಯ ವ್ಯಾಪಾರ. ಐವತ್ತು ದಾಟಿದ ಆಳು, ತಲೆ ನುಣುಪು, ಮನಸ್ಸು ಅದಕ್ಕಿಂತ ನುಣುಪು. ಒಬ್ಬ ರೈತನಿಗೂ ಮೋಸ ಮಾಡಿದವನಲ್ಲ, ಒಂದು ಕೆಲಸವನ್ನೂ ನೆಟ್ಟಗೆ ಮಾಡಿದವನೂ ಅಲ್ಲ. ಗದಗಿಗೆ ಹೋಗಬೇಕಾದ ಕಡಲೆಯನ್ನು ಬೆಳಗಾವಿಗೆ ಕಳಿಸಿ, ಬೆಳಗಾವಿಯವರಿಗೇ ಫೋನು ಹಚ್ಚಿ, "ಗದಗಿನ್ಯಾಗ ಬಿಸಲ ಹೆಂಗೈತ್ರಿ?" ಎಂದು ಕೇಳಿದ ಮಹಾನುಭಾವ. ಒಟ್ಟಿದ ಚೀಲಗಳಲ್ಲಿ ಒಂದು ಬೇಕಾದರೆ ಮೇಲಿನದನ್ನು ಬಿಟ್ಟು ಕೆಳಗಿನದನ್ನು ಎಳೆಯುವ ಅಭ್ಯಾಸ ಬೇರೆ. ಹಾಗಾಗಿ ಅವನ ಅಂಗಡಿಯಲ್ಲಿ ಹಮಾಲರು ಚಹಾ ಕುಡಿಯುವಾಗಲೂ ಚೀಲಗಳಿಂದ ದೂರವೇ ನಿಲ್ಲುತ್ತಾರೆ. ಇದನ್ನೆಲ್ಲ ನಾವು ಹೊಟ್ಟೆಗೆ ಹಾಕಿಕೊಂಡಿದ್ದೆವು. ಆದರೆ ಮೈಕು ಕಂಡರೆ ಅವನಿಗೆ ಮೈಮೇಲೆ ಎಚ್ಚರ ಉಳಿಯುತ್ತಿರಲಿಲ್ಲ.

ಶಿವರಾತ್ರಿ ಮುಗಿದ ವಾರ ಯಾರ್ಡಿನ ನಡುವೆ ಎತ್ತರದ ಕಂಬ ನಿಲ್ಲಿಸಿ ದೊಡ್ಡ ದೀಪ ಕೂಡಿಸಿದರು. ಉದ್ಘಾಟನೆಗೆ ಮಾಜಿ ಕಾರ್ಪೊರೇಟರ್ ಶಾಂತಯ್ಯನವರು ಬಂದರು. ಮಾಜಿಯಾಗಿ ಬಹಳ ಕಾಲವಾಗಿದ್ದರೂ ಗುಂಡಿ ಒತ್ತುವುದಿದ್ದರೆ ಅವರೇ ಬರುತ್ತಾರೆ. ವಂದನಾರ್ಪಣೆ ಮಡಿವಾಳಪ್ಪನ ಪಾಲಿಗೆ ಬಂತು. ಎರಡು ನಿಮಿಷದ ಕೆಲಸ. ಮನುಷ್ಯ ಹಿಂದಿನ ದಿನವೆಲ್ಲ ಅಂಗಡಿಯಲ್ಲಿ ಕುಳಿತು, ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಿದ್ದ ಅಪ್ಪನ ಕಾಲದ ನಿಘಂಟನ್ನು ಎತ್ತಿಕೊಂಡು ತಿರುವಿ ಹಾಕಿದ. ದಿನವಿಡೀ ಬಾಗಿಲು ಬಡಿಯಿತು.

ಸಂಜೆ ಶಾಂತಯ್ಯನವರು ಗುಂಡಿ ಒತ್ತಿದರು, ದೀಪ ಹತ್ತಿತು, ಚಪ್ಪಾಳೆ ಬಿತ್ತು. ಮಡಿವಾಳಪ್ಪ ಮೈಕಿಗೆ ಬಂದು ಗಂಟಲು ಸರಿಮಾಡಿಕೊಂಡ.

"ಬಂಧುಗಳೇ, ಇದು ಬರೇ ಬೆಳಕಲ್ಲ. ಬರೇ ಬೆಳಕು ಚಿಮಣ್ಯಾಗೂ ಇರತೈತಿ. ಇದು ಮಿಸುಗು! ನಮ್ಮ ಹಿರ್ಯಾರು ಹಳಗನ್ನಡದಾಗ ಕಂಡ ಮಿಸುಗು!"

ಆ ಕ್ಷಣಕ್ಕೆ ಕರೆಂಟು ಹೋಯಿತು.

ಕತ್ತಲಲ್ಲಿ ಜನ ತಲೆಯೆತ್ತಿ ಕಂಬದ ಕಡೆಗೇ ನೋಡುತ್ತ ನಿಂತರು. ಪದದ ಗತ್ತೇ ಹಾಗಿತ್ತು. ಆಮೇಲೆ ಹಿಂದಿನಿಂದ ಒಂದು ದನಿ ಬಂತು: "ಮಡಿವಾಳಪ್ಪಾರ, ನಮೂನಿ ತೋರಸ್ರಿ!"

ಇಡೀ ಯಾರ್ಡು ನಕ್ಕಿತು. ಅಲ್ಲಿಗೆ ಕೆಳಗಿಳಿದು ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮೈಕು ಬ್ಯಾಟರಿಯದು, ಅದಿನ್ನೂ ಜೀವಂತವಾಗಿತ್ತು. "ಮಿಸುಗು ಕಂಬದಾಗಿಂದ ಬರೂದಲ್ರಿ!" ಎಂದು ಮಡಿವಾಳಪ್ಪ ಕತ್ತಲಿಗೆ ಕೂಗಿದ. "ನಾ ನೋಡೇನಿ. ನಿಮಗೂ ತೋರಸ್ತೇನಿ. ಮಾತಂದ್ರ ಮಾತು!" ಅವನು ಮಿಸುಗನ್ನು ನೋಡಿದ್ದು ಬಾಗಿಲಿಗೆ ಇಡುವ ನಿಘಂಟಿನಲ್ಲಿ, ಅದೂ ಗೆದ್ದಲು ತಿಂದ ಹಾಳೆಯಲ್ಲಿ.

ಈ ಸುದ್ದಿ ನವನಗರದ ಅವನ ಮನೆಗೆ ಅವನಿಗಿಂತ ಮೊದಲೇ ಮುಟ್ಟಿತು. ಮನೆಯಲ್ಲಿ ಅವನ ತಾಯಿ ಮುದಕವ್ವ ಇದ್ದಳು. ಈ ಮುದಕವ್ವನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಯಾರ್ಡಿನಲ್ಲಿ ಎಲ್ಲರೂ ಹೆದರುವ ಜೀವ ಅದೊಂದೇ.

ಈಗ ದರ ಕಂಪ್ಯೂಟರಿನಲ್ಲಿ ಬೀಳುತ್ತದೆ. ಹಿಂದೆ ಹಾಗಿರಲಿಲ್ಲ. ಕೊಳ್ಳುವವನೂ ದಲಾಲನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಮುಖ ಕಾಣುತ್ತಿತ್ತು, ದರ ಕಾಣುತ್ತಿರಲಿಲ್ಲ. ಮುದಕವ್ವ ಈ ವಿದ್ಯೆಯನ್ನು ಗಂಡನಿಂದ ಕಲಿತು ಮನೆಗೆ ತಂದಿದ್ದಳು. ಬಾಯಿಬಿಟ್ಟು ಹೇಳಿದರೆ ಜಗಳವಾಗುವ ಮಾತನ್ನೆಲ್ಲ ಸೆರಗಿನ ಕೆಳಗೆ ಹೇಳುವಳು. ಕಿರುಬೆರಳು ಹಿಡಿದರೆ 'ಕಸ' ಎಂದರ್ಥ. ಎರಡು ಬೆರಳು ಹಿಡಿದರೆ 'ನಡೀತೈತಿ'. ಇಡೀ ಹಸ್ತ ಹಿಡಿದರೆ 'ಮಾಲು ಖರೇ, ಇನ್ನ ಮಾತಿಲ್ಲ'. ಇಡೀ ಹಸ್ತವನ್ನು ಅವಳು ಸುಮ್ಮನೆ ಕೊಡುವವಳಲ್ಲ. ಮಡಿವಾಳಪ್ಪನಿಗೆ ಹೆಣ್ಣು ನೋಡಿದ ದಿನ ಕೊಟ್ಟಿದ್ದಳಂತೆ. ಅವನ ಹೆಂಡತಿ ರತ್ನವ್ವ ಈ ಸಂಗತಿಯನ್ನು ಓಣಿಗೆ ಬಂದ ಹೊಸ ಬಾಡಿಗೆದಾರರಿಗೆಲ್ಲ ಮೊದಲ ದಿನವೇ ತಿಳಿಸುತ್ತಾಳೆ.

ಇಂಥ ಮುದಕವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಮಂದಿ ನೆರಳಾಗಿ, ನೆರಳು ಮಂದಿಯಾಗಿ ಕಾಣುತ್ತಿತ್ತು. ಎಡಗಣ್ಣು ಪೂರಾ ಹಣ್ಣಾಗಿತ್ತು. ಬಲಗಣ್ಣು ಮೊದಲು, ಒಂದು ತಿಂಗಳೊಳಗೆ ಎಡಗಣ್ಣು, ತಡ ಮಾಡಿದರೆ ಎಡಗಣ್ಣಿನ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಮಗ ಹೇಳಿದ, ಸೊಸೆ ಅತ್ತಳು, ಮಠದಿಂದ ಹೇಳಿಸಿದರು, ಬೀಗರಿಂದ ಬೈಸಿದರು. ಮುದಕವ್ವ ಜಪ್ಪಯ್ಯ ಅನ್ನಲಿಲ್ಲ. "ನೋಡೂದೆಲ್ಲಾ ನೋಡೇನಿ. ನಿಮ್ಮಪ್ಪನ್ನ ನೋಡೇನಿ, ಹಂಪಿ ನೋಡೇನಿ, ನಿನ್ನ ಶಾಣ್ಯಾತನಾ ನೋಡೇನಿ. ಇನ್ನೇನ ಉಳದೈತಿ?" ಎನ್ನುವಳು.

ಅಂದು ರಾತ್ರಿ ಮಡಿವಾಳಪ್ಪ ಚಪ್ಪಲಿ ಬಿಡುವುದರೊಳಗೆ ತಾಯಿ ಕೇಳಿದಳು. "ಮಡಿವಾಳಾ, ಮಿಸುಗು ಅಂತ ಏನೋ ಐತಂತ. ನೀ ನೋಡಿಯಂತ?"

ಅವನಿಗೆ ಇನ್ನೂ ಮೈಕಿನ ಗುಂಗು ಇಳಿದಿರಲಿಲ್ಲ. "ಹೌದವ್ವಾ."

"ನಾ ನೋಡಿಲ್ಲ."

"ನಿನಗ ಕಣ್ಣ ಕಾಣಬೇಕಲ್ಲಬೇ!"

ಮುದಕವ್ವ ಗೋಡೆಯ ಕಡೆ ಮುಖ ಮಾಡಿ ಏನೋ ಲೆಕ್ಕ ಹಾಕಿದಳು. ಆಮೇಲೆ ಹೇಳಿದಳು: "ನಾ ನೋಡದ್ದು ಒಂದು ಉಳದೈತಿ ಅಂದ್ರ ನೋಡೇ ಹೋಗಬೇಕು. ನಡಿ, ಕಣ್ಣ ಕೊಯ್ಸೂಣು."

ರತ್ನವ್ವನ ಕೈಯಿಂದ ರೊಟ್ಟಿಯ ತಟ್ಟೆ ಜಾರಿತು. ಎರಡು ವರ್ಷ ಇಡೀ ಬಳಗ ಅಲ್ಲಾಡಿಸಲಾರದ ಬಂಡೆಯನ್ನು ಅರ್ಥ ಗೊತ್ತಿಲ್ಲದ ಒಂದು ಪದ ಉರುಳಿಸಿಬಿಟ್ಟಿತ್ತು. ನಾನು ಆ ಪದಕ್ಕೆ ಅಂದೇ ಮನಸ್ಸಿನಲ್ಲಿ ಕೈ ಮುಗಿದೆ.

ಬಲಗಣ್ಣಿನ ಆಪರೇಶನ್ ಆಯಿತು. ಮರುದಿನ ಜಯಾ ಎಂಬ ನರ್ಸಮ್ಮ ಪಟ್ಟಿ ಬಿಚ್ಚಿದಳು. "ಅಜ್ಜಿ, ಏನ ಕಾಣಾಕತ್ತೈತಿ?"

"ನಿನ್ನ ಮೂಗು."

"ಛಲೋ ಆತು ನೋಡ್ರಿ!"

"ಮಿಸುಗು ಎಲ್ಲೈತಿ?"

ಜಯಾ ಗಾಬರಿಯಿಂದ ಡಾಕ್ಟರನ್ನು ಕರೆತಂದಳು. ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ನೋಡಿ, "ಮಿಸುಗು ಮೊದಲ ಇತ್ತೇನ್ರಿ ಅವರಿಗೆ?" ಎಂದು ಮಡಿವಾಳಪ್ಪನನ್ನು ಕೇಳಿದರು. "ಇಲ್ರಿ, ಇನ್ನ ಮುಂದ ಬರೂದೈತ್ರಿ" ಎಂದ ಇವನು. "ಬರದಂಗ ನೋಡ್ಕೋಬೇಕ್ರಿ" ಎಂದು ಡಾಕ್ಟರು ಇನ್ನೊಂದು ಬಗೆಯ ಹನಿ ಬರೆದುಕೊಟ್ಟರು.

ಹೊರಡುವಾಗ, ಯುಗಾದಿಯೊಳಗೆ ಎಡಗಣ್ಣು ಆಗಲೇಬೇಕೆಂದು ಅವರು ಹೇಳಿದರು. ಮುದಕವ್ವ ಕಪ್ಪು ಕನ್ನಡಕ ಏರಿಸಿಕೊಂಡು ಎದ್ದು ನಿಂತಳು. "ಈ ಕಣ್ಣಿಗೆ ಮಿಸುಗು ಕಂಡಮ್ಯಾಲೆ ಆ ಕಣ್ಣಿನ ಮಾತು. ಕಾಣಲಿಲ್ಲಂದ್ರ ಮಗಾ ಸುಳ್ಳ ಹೇಳ್ಯಾನಂತ ತಿಳಕೊಂಡು ಒಂದ ಕಣ್ಣಾಗ ಸಾಯತೇನಿ."

ಆಗ ಮಡಿವಾಳಪ್ಪನ ಗುಂಗು ಇಳಿಯಿತು. ತಾಯಿಯ ಒಂದು ಕಣ್ಣು ಈಗ ಅವನ ಬಾಯಿಯ ಮೇಲೆ ನಿಂತಿತ್ತು. ಆ ಬಾಯಿಯ ಯೋಗ್ಯತೆ ಅವನಿಗೆ ಗೊತ್ತಿತ್ತು. ನನ್ನ ಅಂಗಡಿಗೆ ಬಂದು ಚಹಾ ಕೂಡ ಕುಡಿಯದೆ ಕುಳಿತ. "ಈ ಮಿಸುಗು ಎಲ್ಲಿ ಸಿಗತೈತಿರಿ?" ಎಂದ. ಅಂಥ ದೈನ್ಯವನ್ನು ನಾನು ಅವನ ಮುಖದಲ್ಲಿ ಕಂಡಿರಲಿಲ್ಲ, ನಗಬೇಕೆಂದಿದ್ದವನು ನಗಲಿಲ್ಲ.

ಮೊದಲು ಯಾರ್ಡಿನ ಗೇಟಿನ ಹೊರಗೆ ನಿಲ್ಲಿಸಿ ಕಂಬದ ದೀಪವನ್ನೇ ತೋರಿಸಿದ. ಅಷ್ಟರಲ್ಲಿ ರಿಪೇರಿಯಾಗಿತ್ತು. ಮುದಕವ್ವ ಕತ್ತೆತ್ತಿ ನೋಡಿ ಸೆರಗಿನ ಕೆಳಗೆ ಮಗನ ಕಿರುಬೆರಳು ಹಿಡಿದಳು. "ಇದು ಕಣ್ಣಿಗೆ ಬಡೀತೈತಿ. ಬಡಿಸ್ಕೋಳಾಕ ಆಪರೇಶನ್ ಮಾಡಿಸಿಲ್ಲ ನಾ" ಎಂದಳು.

ಆಗ ಯಾರೋ, ಪದದ ಮಾತಿಗೆ ಧಾರವಾಡದವರನ್ನು ಕೇಳಬೇಕು ಎಂದರು. ನಿಜ. ಹುಬ್ಬಳ್ಳಿಯಲ್ಲಿ ನಾವು ಕಾಳು ತೂಗುತ್ತೇವೆ, ಧಾರವಾಡದಲ್ಲಿ ಮಾತು ತೂಗುತ್ತಾರೆ. ಕಾಲೇಜಿನಲ್ಲಿ ಕನ್ನಡ ಕಲಿಸುವ ಯಜ್ಞೇಶ್ವರ ಸರ್ ಚಿಗರಿ ಬಸ್ಸು ಹತ್ತಿ ಬಂದರು. ಮಡಿವಾಳಪ್ಪನ ಅಂಗಡಿಯಲ್ಲಿ ಅಗಸಿ ಚೀಲಗಳ ಮುಂದೆ ಕುರ್ಚಿ ಹಾಕಿದೆವು. ಓಣಿಯ ಹೆಣ್ಣುಮಕ್ಕಳೂ ಬಂದು ಕುಳಿತರು.

"ಮಿಸುಗು ಅಂದ್ರ ಹೊಳಿಯೋದು, ಥಳಥಳಿಸೋದು" ಎಂದು ಸರ್ ಶುರುಮಾಡಿದರು. "ಹಳಗನ್ನಡದಾಗ ಕೊಳದ ನೀರು ಮಿಸುಗ್ತದ, ರಾಣಿ ಕಿವಿ ಓಲಿ ಮಿಸುಗ್ತದ, ವೀರನ ಕತ್ತಿ ಮಿಸುಗ್ತದ. ಈಗ ಯಾರೂ ಬಳಸೋದಿಲ್ಲ. ಪಾಪ, ಪದ ಮೂಲ್ಯಾಗ ಕೂತದ."

ಒಂದು ತಾಸು ಹೇಳಿದರು. ಧಾತು ಬಂತು, ಪ್ರತ್ಯಯ ಬಂತು, ಛಂದಸ್ಸು ಬಂತು. ನಮ್ಮ ಜನ ಚೀಲಕ್ಕೆ ಒರಗಿ ನಿದ್ದೆಹೋದರು. ಆಗ ಸರ್ ಬಾಯಿಂದ, "ಇದರ ಬಳಗದ ಪದ ಮಿಸುನಿ. ಮಿಸುನಿ ಅಂದ್ರ ಬಂಗಾರ" ಎಂಬ ಮಾತು ಜಾರಿತು. ಬಂಗಾರ ಎಂದೊಡನೆ ಮಲಗಿದವರೆಲ್ಲ ಒಮ್ಮೆಗೇ ಎದ್ದು ಕುಳಿತರು. ವ್ಯಾಕರಣಕ್ಕೆ ಅಂಥ ಶಕ್ತಿ ಇರುವುದನ್ನು ಸರ್ ಕೂಡ ಮೊದಲ ಬಾರಿಗೆ ಕಂಡರು.

ಏಳುವ ಮುಂಚೆ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ನನಗ ಕೇಳಿದ್ರ ಸುಮ್ಮನ ನಿಂತು ಬೆಳಗೋದಕ್ಕ ಈ ಪದ ಒಪ್ಪೋದಿಲ್ಲ. ಒಳಗ ಜೀವ ಇದ್ದಂಗ ಅಲ್ಲಾಡಬೇಕು. ಇಷ್ಟ ವರ್ಷ ಪಾಠ ಮಾಡೇನಿ. ಖರೇ ಹೇಳ್ತೀನಿ ಮಡಿವಾಳಪ್ಪನವರ, ಇದೇ ಅದು ಅಂತ ಒಮ್ಮೆನೂ ಬೆರಳು ಮಾಡಿ ತೋರಿಸಿಲ್ಲ. ನಿಮಗ ಸಿಕ್ಕರ ನನಗೂ ಒಂದು ಫೋನ್ ಮಾಡ್ರಿ." ಕಲಿಸುವವರೇ ಹೀಗೆ ಕೇಳಿದ್ದಕ್ಕೆ ಮಡಿವಾಳಪ್ಪನ ಎದೆ ಇನ್ನಷ್ಟು ಕುಸಿಯಿತು.

ಅತ್ತ ಬಂಗಾರದ ಮಾತು ನವನಗರವನ್ನೆಲ್ಲ ಸುತ್ತಿತು. ಮಡಿವಾಳಪ್ಪನಿಗೆ ಹಳೆಯ ಮನೆಯ ಪಾಯದಲ್ಲಿ ಮಿಸುನಿ ಸಿಕ್ಕಿದೆ, ಅದನ್ನು ನೋಡಲೆಂದೇ ಮುದುಕಿ ಕಣ್ಣು ಮಾಡಿಸಿಕೊಂಡಿದ್ದಾಳೆ ಎಂದು ಕೆಳಗಿನ ಓಣಿಯವರು ಹೇಳಿದರು. ಮೇಲಿನ ಓಣಿಯವರು ಅದನ್ನು ಅಲ್ಲಗಳೆದು, ಸಿಕ್ಕಿದ್ದು ಪಾಯದಲ್ಲಲ್ಲ, ಬಾವಿಯಲ್ಲಿ ಎಂದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ರತ್ನವ್ವನ ಮನೆಯ ಗತಿ ಹಾಗಾಯಿತು. ಹೆಂಗಸರು ಗುಂಪುಗುಂಪಾಗಿ ಬಂದು, ಮುದಕವ್ವ ಬೆಲೆ ಕಟ್ಟುತ್ತಾಳೆಂದು ತಮ್ಮ ತಮ್ಮ ಬೆಂಡೋಲೆ, ಬೋರಮಾಳ ಬಿಚ್ಚಿ ಅವಳ ಮುಂದೆ ಇಟ್ಟರು. ಮುದಕವ್ವ ಒಂದೊಂದನ್ನೇ ಬಲಗಣ್ಣಿನ ಹತ್ತಿರ ಹಿಡಿದು ಕೇಳಿದಳು.

"ಇದನ್ನ ಕತ್ತಲಿ ಕ್ವಾಣ್ಯಾಗ ಇಟ್ರ ಹೊಳೀತೈತೇನ?"

"ಇಲ್ರಿ ಅವ್ವಾರ."

"ಹಂಗಾರ ಬೆಳಕು ಇದರದಲ್ಲ. ಕಡಾ ತಂದದ್ದು." ಹೀಗೆಂದು ಮಗನ ಕಿರುಬೆರಳು ಹಿಡಿದಳು. ಬೋರಮಾಳದವಳು ಅದನ್ನು ನೋಡಿಬಿಟ್ಟಳು. ಅವಳು ಇಂದಿಗೂ ರತ್ನವ್ವನ ಜೊತೆ ಮಾತಾಡುವುದಿಲ್ಲ.

ಮುಂದೆ ರತ್ನವ್ವನ ತಮ್ಮ ಕುಮಾರಸ್ವಾಮಿ ಬಂದ. ತಾರಿಹಾಳದಲ್ಲಿ ಅವನದು ಕಬ್ಬಿಣದ ಗೇಟು ಮಾಡುವ ಶೆಡ್ಡು. "ಮಾಮಾ, ಜೀವ ಇದ್ದಂಗ ಅಲ್ಲಾಡೂ ಬೆಳಕಂದ್ರ ನಮ್ಮಲ್ಲಿ ಬರ್ರಿ" ಎಂದು ಎಲ್ಲರನ್ನೂ ಕರೆದೊಯ್ದ. ಮುದಕವ್ವನನ್ನು ದೂರದಲ್ಲಿ ಕೂಡಿಸಿ, ಕಪ್ಪು ಕನ್ನಡಕ ಹಾಕಿಸಿ, ತಿರುಗುವ ಕಲ್ಲಿಗೆ ಕಬ್ಬಿಣ ಹಚ್ಚಿದ. ಕಿಡಿಯ ಮಳೆಯೇ ಸುರಿಯಿತು. ನಾವೆಲ್ಲ "ಆಹಾ" ಎಂದೆವು. ಮಡಿವಾಳಪ್ಪ ಆಸೆಯಿಂದ ಕೈಯನ್ನು ಸೆರಗಿನ ಕೆಳಗೆ ಇಟ್ಟ. ಎರಡು ಬೆರಳು ಬಂತು.

"ನಡೀತೈತಿ" ಎಂದಳು ಮುದಕವ್ವ, ಕುಮಾರಸ್ವಾಮಿಗೆ ಬೇಜಾರ ಆಗಬಾರದೆಂದು ಬಾಯಿಬಿಟ್ಟೇ. "ಆದ್ರ ಇದು ಸಿಟ್ಟಿನ ಬೆಳಕು. ಅದರ ತ್ರಾಸ ಅದಕ್ಕ ಗೊತ್ತು."

ಯುಗಾದಿ ಹತ್ತಿರ ಬಂತು. ಡಾಕ್ಟರ ಕಡೆಯಿಂದ ಜಯಾ ಎರಡು ಸಲ ಫೋನು ಮಾಡಿದಳು. ಇನ್ನು ಉಳಿದದ್ದು ಉಣಕಲ್ ಕೆರೆ ಒಂದೇ. ಸಂಜೆಯ ಬಿಸಿಲು ಕೆರೆಯ ನೀರಿನ ಮೇಲೆ ಬಿದ್ದರೆ ಕುಣಿಯುತ್ತದೆ, ಕಾವ್ಯದಲ್ಲಿ ಕೊಳವೂ ಇದೆ, ಇದು ತಪ್ಪುವುದಿಲ್ಲ ಎಂದು ನಾವೆಲ್ಲ ಸೇರಿ ನಿರ್ಧರಿಸಿದೆವು. ಮಡಿವಾಳಪ್ಪನ ಮಾಲು ಸಾಗಿಸುವ ಬಡೇಸಾಬ ತನ್ನ ಟೆಂಪೋದಲ್ಲಿ ಚಾಪೆ ಹಾಸಿ ತಂದ. ಯಜ್ಞೇಶ್ವರ ಸರ್ ಅರ್ಧ ದಿನ ರಜೆ ಹಾಕಿ ಬಂದರು. ಶಾಂತಯ್ಯನವರು ಕರೆಯದೆಯೇ ಬಂದರು, ಬರುವಾಗ ಒಂದು ಫ್ಲೆಕ್ಸು ತಂದರು. ಅದರಲ್ಲಿ, "ಮಿಸುಗು ದರ್ಶನಕ್ಕೆ ಆಗಮಿಸಿದ ಸರ್ವರಿಗೂ ಆದರದ ಸ್ವಾಗತ" ಎಂಬ ಬರಹ ಒಂದು ಮೂಲೆಯಲ್ಲಿತ್ತು. ಉಳಿದ ಜಾಗದಲ್ಲಿ ಶಾಂತಯ್ಯನವರು ಕೈಮುಗಿದು ನಿಂತಿದ್ದರು.

ಕೆರೆಯ ದಂಡೆಯಲ್ಲಿ ಕಾವಲಿನವನು ಅಡ್ಡ ಬಂದ. "ಏನ ಕಾರ್ಯಕ್ರಮರೀ?"

"ಬೆಳಕ ನೋಡೂದ್ರಿ" ಎಂದ ಮಡಿವಾಳಪ್ಪ.

"ನೋಡಿ?"

"ನೋಡಿ ಮನಿಗೆ ಹೋಗೂದ್ರಿ."

ಕಾವಲಿನವನು ನಮ್ಮನ್ನೂ ಫ್ಲೆಕ್ಸನ್ನೂ ಬಹಳ ಹೊತ್ತು ನೋಡಿದ. ಕೊನೆಗೆ ತಾನೂ ಒಂದು ಕಲ್ಲಿನ ಮೇಲೆ ಕುಳಿತು ನೀರಿನ ಕಡೆ ಮುಖ ಮಾಡಿದ. ಅವನನ್ನು ನೋಡಿ ಗಿರಮಿಟ್ ಮಾರುವವನು ಗಾಡಿ ನಿಲ್ಲಿಸಿದ. ಗಿರಮಿಟ್ ತಿನ್ನಲು ಬಂದವರೂ ಏನೋ ಆಗಲಿದೆ ಎಂದು ನಿಂತರು. ಸ್ವಲ್ಪ ಹೊತ್ತಿನಲ್ಲಿ ದಂಡೆಯ ತುಂಬ ಜನ. ಎಲ್ಲರ ನಡುವೆ ಚಾಪೆಯ ಮೇಲೆ ಮುದಕವ್ವ, ಕಪ್ಪು ಕನ್ನಡಕ ತೆಗೆದು, ಒಂದು ಕಣ್ಣು ತೆರೆದು ಕೆರೆಯನ್ನು ನೋಡುತ್ತ ಕುಳಿತಿದ್ದಳು.

ಆಗ ಪಡುವಣದಿಂದ ಮೋಡ ಬಂತು. ಬೇಸಿಗೆಯ ಅಡ್ಡಮೋಡ, ಮಳೆ ಸುರಿಸುವಂಥದ್ದಲ್ಲ, ಬಿಡುವಂಥದ್ದೂ ಅಲ್ಲ. ಸೂರ್ಯನನ್ನು ಪೂರಾ ಮುಚ್ಚಿತು. ಕೆರೆ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಬಿದ್ದುಕೊಂಡಿತು. ನಾವು ಕಾದೆವು. ಗಿರಮಿಟ್ ಮುಗಿಯಿತು. ಮಿರ್ಚಿ ಭಜಿಯೂ ಮುಗಿಯಿತು. "ಹೋದ ವಾರ ಭಾಳ ಛಲೋ ಇತ್ತರೀ" ಎಂದು ಕಾವಲಿನವನು ಸಮಾಧಾನ ಹೇಳಿದ. ಜನ ಒಬ್ಬೊಬ್ಬರಾಗಿ ಎದ್ದರು. ಹೋಗುವಾಗ ಒಬ್ಬ, "ಮಾಲು ಸ್ಟಾಕ್ ಇಲ್ಲಂತ ಬೋರ್ಡ್ ಹಾಕ್ರಿ" ಎಂದು ನಗೆಯಾಡಿದ. ಅವನು ನಮ್ಮ ಯಾರ್ಡಿನವನೇ.

ಮಡಿವಾಳಪ್ಪ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ತಪ್ಪಾತವ್ವಾ. ನಾ ನೋಡಿದ್ದಿಲ್ಲ. ಪುಸ್ತಕದಾಗ ಓದಿದ್ದೆ. ಮೈಕ್ ಸಿಕ್ಕತು, ಅಂದಬಿಟ್ಟೆ. ಆದ್ರ ಆ ಕಣ್ಣ ಮಾತ್ರ ಬಿಡಬ್ಯಾಡಬೇ."

ಮುದಕವ್ವ ಸಿಟ್ಟು ಮಾಡಲಿಲ್ಲ. ಅದೇ ನಮಗೆ ಹೆದರಿಕೆ ಹುಟ್ಟಿಸಿತು. "ಇರ್ಲಿ ಬಿಡು. ಒಂದ ಕಣ್ಣ ಸಾಕು. ಮನಿ ಬ್ಯಾಡ, ನನ್ನ ಅಂಗಡಿಗೆ ಒಯ್ಯಿ. ಕಣ್ಣ ಹೋದಾಗಿಂದ ನೋಡಿಲ್ಲ" ಎಂದು ಕನ್ನಡಕ ಹಾಕಿಕೊಂಡಳು. ರತ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಟೆಂಪೋ ಯಾರ್ಡಿನ ಕಡೆ ತಿರುಗಿತು. ಸುತ್ತಿಟ್ಟ ಫ್ಲೆಕ್ಸಿನೊಳಗೆ ಶಾಂತಯ್ಯನವರ ಒಂದು ಕಣ್ಣು ಮಾತ್ರ ಹೊರಗೆ ಕಾಣುತ್ತಿತ್ತು.

ಯಾರ್ಡು ಖಾಲಿಯಾಗಿತ್ತು. ಅಂಗಡಿಯ ಕಟ್ಟೆ ಪಡುವಣಕ್ಕೆ ಮುಖ ಮಾಡಿದೆ. ಕಟ್ಟೆಯ ಮೇಲೆ ಆ ವಾರ ಬಂದ ಹೊಸ ಅಗಸಿಯ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಮುದಕವ್ವ ರತ್ನವ್ವನ ಹೆಗಲು ಹಿಡಿದು ಮೆಟ್ಟಿಲು ಹತ್ತಿ, ಕನ್ನಡಕ ತೆಗೆದು, ಕಟ್ಟೆಯ ಕಂಬ ಮುಟ್ಟಿ ನೋಡಿದಳು, ಬಾಗಿಲು ಮುಟ್ಟಿ ನೋಡಿದಳು. ನಾನು ಕುರ್ಚಿ ತಂದೆ. ಅವಳು ಬೇಡ ಅಂದಳು. ಗಂಡ ಇದ್ದಾಗ ಚೀಲದ ಮೇಲೆಯೇ ಕೂಡುತ್ತಿದ್ದಳಂತೆ, ಈಗಲೂ ಚೀಲವೇ ಬೇಕು.

"ತಡೀಬೇ, ಕೊಟ್ಟೆ" ಎಂದು ಮಡಿವಾಳಪ್ಪ ಓಡಿದ. ತಾಯಿಗೆ ಏನಾದರೂ ಒಂದನ್ನು ಕೊಡಲು ಸಿಕ್ಕಿತಲ್ಲ ಎಂಬ ಸಂಭ್ರಮ ಬೇರೆ. ಓಡಿಹೋಗಿ ಎರಡೂ ಕೈಯಿಂದ ಒಂದು ಚೀಲವನ್ನು ಹಿಡಿದು ಎಳೆದ. ಯಾವ ಚೀಲ ಎಂದು ನೀವು ಕೇಳಬೇಕಾಗಿಲ್ಲ.

"ಸಾವ್ಕಾರ್ರ, ಕೆಳಗಿಂದು ಬ್ಯಾಡ್ರಿ!" ಎಂದು ಬಡೇಸಾಬ ಚೀರಿದ.

ಚೀಲಗಳು ಮೊದಲು ತಲೆದೂಗಿದವು. ಆಮೇಲೆ ಬಾಗಿದವು. ಆಮೇಲೆ ಧಡ್ ಧಡ್ ಎಂದು ಬಿದ್ದವು. ಮೂರ್ನಾಲ್ಕು ಚೀಲ ಹರಿದು ಅಗಸಿ ಹೊರಬಿತ್ತು. ಅಗಸಿ ಬಿದ್ದದ್ದನ್ನು ನೋಡದವರಿಗೆ ಹೇಳುತ್ತೇನೆ: ಅದು ಜೋಳದ ಹಾಗೆ ಗುಡ್ಡೆಯಾಗಿ ನಿಲ್ಲುವುದಿಲ್ಲ. ಸಣ್ಣ ಕಾಳು, ಎಣ್ಣೆಕಾಳು, ನೀರಿನಂತೆ ಹರಿಯುತ್ತದೆ. ಕಟ್ಟೆಯನ್ನೆಲ್ಲ ತುಂಬಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು. ಶಾಂತಯ್ಯನವರು "ಏನಾತು?" ಎಂದು ಒಂದು ಹೆಜ್ಜೆ ಮುಂದಿಟ್ಟರು, ಎರಡನೆಯದನ್ನು ಇಡಲಿಲ್ಲ, ಕುಳಿತೇಬಿಟ್ಟರು. ಅವರನ್ನು ಎತ್ತಲು ಹೋದ ಯಜ್ಞೇಶ್ವರ ಸರ್ ಅವರ ಪಕ್ಕದಲ್ಲಿ ಕುಳಿತರು. ಇಬ್ಬರನ್ನೂ ಎತ್ತಲು ಬಂದ ಬಡೇಸಾಬ ಮೆಟ್ಟಿಲವರೆಗೂ ಜಾರಿಹೋದ. ನಾನು ಬುದ್ಧಿವಂತಿಕೆಯಿಂದ ಅಲುಗಾಡದೆ ನಿಂತೆ. ಅಗಸಿಯೇ ನನ್ನ ಕಾಲಡಿಗೆ ಬಂದು ನನ್ನನ್ನು ಬೋರಲು ಕೆಡವಿತು. ಮಡಿವಾಳಪ್ಪ ಸೊಂಟದವರೆಗೆ ಅಗಸಿಯಲ್ಲಿ ಹೂತು, "ತಪ್ಪಾತವ್ವಾ, ತಪ್ಪಾತವ್ವಾ" ಎನ್ನುತ್ತಿದ್ದ.

ಆಗ ಸೂರ್ಯ ಮೋಡದ ಕೆಳಗಿನ ಅಂಚಿನಿಂದ ಹೊರಗೆ ಬಂದ.

ಬಿಸಿಲು ಯಾರ್ಡನ್ನು ದಾಟಿ ನೇರ ಕಟ್ಟೆಯ ಮೇಲೆ ಬಿತ್ತು. ಹರಿಯುತ್ತಿದ್ದ ಅಗಸಿ ಒಮ್ಮೆಗೇ ಹೊತ್ತಿಕೊಂಡಿತು. ಒಂದೊಂದು ಕಾಳೂ ಒಂದು ಚೂರು ಬೆಳಕನ್ನು ಹಿಡಿದು, ಪಕ್ಕದ ಕಾಳಿಗೆ ಕೊಟ್ಟು, ಉರುಳಿ ಕೆಳಗೆ ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು ಕಾಳು ಬಂದು ಅದನ್ನೇ ಮಾಡುತ್ತಿತ್ತು. ಬೆಳಕು ಎಲ್ಲಿಯೂ ನಿಲ್ಲಲಿಲ್ಲ. ಇಲ್ಲಿ ಆರಿ ಅಲ್ಲಿ ಹೊತ್ತಿ, ಮೆಟ್ಟಿಲಿನಲ್ಲಿ ಮುರಿದು, ಮತ್ತೆ ಕೂಡಿಕೊಂಡು, ಇಡೀ ಕಟ್ಟೆ ಉಸಿರಾಡುವಂತೆ ಅಲ್ಲಾಡಿತು. ಮೂವತ್ತು ವರ್ಷ ಅಗಸಿಯನ್ನು ನೋಡಿದವನು ನಾನು. ತೇವ ನೋಡಿದ್ದೆ, ಧೂಳು ನೋಡಿದ್ದೆ, ದರ ನೋಡಿದ್ದೆ. ಇದನ್ನು ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆಂದು ಕೇಳಬೇಡಿ.

ಯಾರೂ ಏಳಲಿಲ್ಲ. ಶಾಂತಯ್ಯನವರು ಬಿದ್ದಲ್ಲಿಯೇ ಕೈ ಮುಗಿದರು, ಫ್ಲೆಕ್ಸಿನಲ್ಲಿದ್ದ ಹಾಗಲ್ಲ, ಬೇರೆ ರೀತಿ. ಬಡೇಸಾಬ ತಲೆಯ ಟೊಪ್ಪಿಗೆ ಸರಿಮಾಡಿಕೊಂಡು "ಸುಭಾನಲ್ಲಾ" ಎಂದ. ಯಜ್ಞೇಶ್ವರ ಸರ್ ಕೈ ಎತ್ತಿ, ಒಂದು ಬೆರಳು ಮಾಡಿ ಆ ಬೆಳಕಿನ ಕಡೆಗೆ ತೋರಿಸುತ್ತ ಹಾಗೇ ಕುಳಿತುಬಿಟ್ಟರು.

ಕಂಬ ಹಿಡಿದು ನಿಂತಿದ್ದ ಮುದಕವ್ವ ಅದನ್ನು ಬಿಟ್ಟಳು. ಚಪ್ಪಲಿ ಕಳಚಿ, ಬರಿಗಾಲಲ್ಲಿ ಅಗಸಿಯ ಮೇಲೆ ನಡೆದು ಬಂದಳು. ನಾವೆಲ್ಲ ಜಾರಿದ ಜಾಗದಲ್ಲಿ ಅವಳು ಜಾರಲಿಲ್ಲ, ಎಷ್ಟು ವರ್ಷ ಅದರ ಮೇಲೆ ಓಡಾಡಿದ ಕಾಲೋ ಏನೋ. ಮಗನ ಪಕ್ಕದಲ್ಲಿ, ಬಿದ್ದ ಚೀಲದ ಮೇಲೆ ಕುಳಿತಳು. ಅವನ ಕೈ ಎಳೆದುಕೊಂಡು ಮೇಲೆ ಸೆರಗು ಹಾಕಿದಳು. ಹಳೆಯ ಕಾಲದ ಹಾಗೆ ಎಲ್ಲರೂ ಇಬ್ಬರ ಮುಖ ನೋಡಿದರು. ಮುಖದಿಂದ ದರ ಗೊತ್ತಾಗಲಿಲ್ಲ. ಆದರೆ ನಾನು ನೆಲಕ್ಕೆ ಬೋರಲು ಬಿದ್ದಿದ್ದೆನಲ್ಲ, ಸೆರಗಿನ ಕೆಳಗಿನದು ನನಗೊಬ್ಬನಿಗೆ ಕಂಡಿತು. ಮುದಕವ್ವ ಮಗನ ಇಡೀ ಹಸ್ತವನ್ನು ಹಿಡಿದಿದ್ದಳು, ಬಿಟ್ಟಿರಲಿಲ್ಲ.

ಸೂರ್ಯ ಇಳಿದ. ಅಗಸಿ ಮತ್ತೆ ಅಗಸಿಯಾಯಿತು. ಜನರಿಗೆ ಬಾಯಿ ಬಂತು. "ಅವ್ವಾರು ಏನಂದ್ರು? ಏನಂದ್ರರೀ?" ಎಂದು ಶಾಂತಯ್ಯನವರು ಕೇಳಿದರು. ಸುತ್ತ ಇಷ್ಟು ಮಂದಿ, ಎಲ್ಲರೂ ತನ್ನ ಮಾತಿಗೇ ಕಾದಿದ್ದಾರೆ. ಇಂಥ ಅವಕಾಶ ಸಿಕ್ಕಿಯೂ ಮಡಿವಾಳಪ್ಪ ಒಂದು ಶಬ್ದ ಆಡಲಿಲ್ಲ. ತಾಯಿಯ ಮುಖ ನೋಡುತ್ತ ಕುಳಿತಿದ್ದ.

ಮಾತಾಡಿದವಳು ಮುದಕವ್ವ. "ಡಾಕ್ಟರಿಗೆ ಫೋನ್ ಹಚ್ಚು. ಆ ಕಣ್ಣ ನಾಳೆ ಮಾಡ್ತಾರೇನ ಕೇಳು."

ರತ್ನವ್ವ ಅಳುತ್ತಲೇ ನಕ್ಕಳು. "ನಾಳೇನ ಯಾಕ್ರಿ ಅತ್ತಿ? ಅಂಥಾ ಅವಸರ ಏನೈತಿ?"

"ನೀವೆಲ್ಲಾ ಎರಡ ಕಣ್ಣಾಗ ನೋಡೀರಿ. ನಾ ಒಂದರಾಗ ನೋಡೇನಿ" ಎಂದಳು ಮುದಕವ್ವ. "ಅರ್ಧಾ ಉಳದೈತಿ ನಂದು." ಮೆಟ್ಟಿಲ ಬಳಿ ಬಡೇಸಾಬ ಆಗಲೇ ಕಸಬರಿಗೆ ಹಿಡಿದು ಅಗಸಿಯನ್ನು ಒಟ್ಟುಮಾಡಲು ಬಾಗಿದ್ದ. ಅವಳು ಅವನ ಕಡೆ ತಿರುಗಿ ಕೈಯೆತ್ತಿದಳು. "ಏ ಬಡೇಸಾಬಾ, ನಾ ಬರೂತನಾ ಬಳೀಬ್ಯಾಡ. ಹಂಗ ಇರ್ಲಿ ಅದು."